ಸಿಸ್ಟರ್ ಬೆನ್ನಿನ ಲೆಕ್ಕ

ಮಂಗಳೂರಿನ ಬಂದರಿನಲ್ಲಿ 50 ಕಿಲೋ ಅಕ್ಕಿ ಮೂಟೆ ಹೊರುವವರನ್ನು ನೋಡಿದರೆ ಅದು ಮೈಮುರಿಯುವ ಕೆಲಸ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅಲ್ಲಿಂದ ತುಸು ದೂರದ ಹಂಪನಕಟ್ಟೆಯ ಆಸ್ಪತ್ರೆ ವಾರ್ಡುಗಳಲ್ಲಿ 70 ಕಿಲೋ ತೂಗುವ ಮನುಷ್ಯನನ್ನು ಮಂಚದ ಮೇಲ್ಗಡೆಗೆ ಎಳೆದು ಮಲಗಿಸುವ ಸಿಸ್ಟರ್ ಕೂಡ ಭಾರ ಎತ್ತುವವರೇ ಎಂಬುದು ಮಾತ್ರ ನಮಗೆ ಹೊಳೆಯುವುದಿಲ್ಲ.

ಮೂಟೆಯನ್ನಾದರೂ ಮೈಗೆ ಅವಚಿ ಹಿಡಿಯಬಹುದು. ರೋಗಿ ಹಾಗಲ್ಲ. ನೋವಿಗೆ ಹೊರಳುತ್ತಾನೆ, ಬೀಳುತ್ತೇನೆಂದು ಹೆದರಿ ಎತ್ತುವವರ ಕುತ್ತಿಗೆಗೇ ಜೋತುಬೀಳುತ್ತಾನೆ. ಮೂಗಿಗೆ ನಳಿಕೆ, ಕೈಗೆ ಡ್ರಿಪ್ಸ್. ನಡುವೆ ಮಂಚ ಅಡ್ಡ ಇರುವುದರಿಂದ ಹತ್ತಿರ ಸರಿಯಲಿಕ್ಕೂ ಆಗುವುದಿಲ್ಲ. ಸೊಂಟ ಬಗ್ಗಿಸಿ, ಕೈ ಚಾಚಿಯೇ ಎತ್ತಬೇಕು.

ತೊಂದರೆ ಇರುವುದೇ ಈ ಚಾಚುವುದರಲ್ಲಿ. ಬೆನ್ನಿನ ಸ್ನಾಯುಗಳು ಸೊಂಟದ ಡಿಸ್ಕಿನಿಂದ, ಅಂದರೆ ಬೆನ್ನೆಲುಬಿನ ಮೂಳೆಗಳ ನಡುವಿನ ಮೆತ್ತೆಯಿಂದ, ಸುಮಾರು ಐದು ಸೆಂಟಿಮೀಟರ್ ಹಿಂದೆ ನಿಂತು ಎಳೆಯುತ್ತವೆ. ಚಾಚಿದ ಕೈಯಲ್ಲಿರುವ ಭಾರ ಅದೇ ಡಿಸ್ಕಿನಿಂದ 50 ಸೆಂಟಿಮೀಟರ್ ಮುಂದಿರುತ್ತದೆ. ಹತ್ತು ಪಟ್ಟು ದೂರ ಎಂದರೆ ಹತ್ತು ಪಟ್ಟು ಎಳೆತ: ಕೈಯಲ್ಲಿ 20 ಕಿಲೋ ಇದ್ದರೆ ಸ್ನಾಯು 200 ಕಿಲೋದಷ್ಟು ಎಳೆಯಬೇಕು. ಬಾಗಿದ ಮೇಲ್ದೇಹದ ಭಾರ ಬೇರೆ. ಇದೆಲ್ಲ ಕೊನೆಗೆ ಬೀಳುವುದು ಡಿಸ್ಕಿನ ಮೇಲೆ. ಅಲ್ಲಿ 3,400 ನ್ಯೂಟನ್, ಅಂದರೆ ಸುಮಾರು 350 ಕಿಲೋ ಭಾರದಷ್ಟು ಒತ್ತಡ ದಾಟಬಾರದು ಎನ್ನುತ್ತದೆ ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ. ಅದರ ಸೂತ್ರದಂತೆ ಎಲ್ಲವೂ ಅನುಕೂಲವಾಗಿದ್ದಾಗಲೂ ಒಬ್ಬರು ಎತ್ತಬಹುದಾದದ್ದು 23 ಕಿಲೋ. ಆ ಸೂತ್ರ ರೂಪಿಸಿದವರಲ್ಲಿ ಒಬ್ಬರಾದ ಥಾಮಸ್ ವಾಟರ್ಸ್ 2007ರಲ್ಲಿ ರೋಗಿಗಳ ವಿಷಯಕ್ಕೆ ಈ ಮಿತಿಯನ್ನು ಸುಮಾರು 16 ಕಿಲೋಗೆ ಇಳಿಸಿದರು, ಅದೂ ರೋಗಿ ಸಹಕರಿಸಿದರೆ. 70 ಕಿಲೋ ಮನುಷ್ಯನ ಒಂದು ಕಾಲೇ ಹತ್ತಿರ ಹತ್ತಿರ 11 ಕಿಲೋ ತೂಗುತ್ತದೆ. ಡ್ರೆಸ್ಸಿಂಗ್ ಮುಗಿಯುವವರೆಗೆ ಕಾಲು ಎತ್ತಿ ಹಿಡಿದು ನಿಲ್ಲುವವರ ಪಾಡು ಊಹಿಸಿ.

ಕರಾವಳಿಯ ಸೆಕೆ ಇದಕ್ಕೆ ಇನ್ನಷ್ಟು ಸೇರಿಸುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಗಾಳಿಯಲ್ಲೇ ಅಷ್ಟು ತೇವ ಇರುವಾಗ ಬೆವರು ಆರುವುದಿಲ್ಲ, ಗೌನು ಗ್ಲೌಸಿನ ಒಳಗಂತೂ ಕೇಳುವುದೇ ಬೇಡ. ಮೈ ತಣಿಸಲು ಹೃದಯ ಚರ್ಮದ ಕಡೆಗೂ ರಕ್ತ ದೂಡಬೇಕಾಗುವುದರಿಂದ ಅದೇ ಕೆಲಸಕ್ಕೆ ಬೇಗ ಸುಸ್ತಾಗುತ್ತದೆ. ನೈಟ್ ಡ್ಯೂಟಿಯದು ಬೇರೆಯೇ ಕತೆ; ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲೇ ಅದನ್ನು ಕ್ಯಾನ್ಸರ್ ತರುವ ಸಾಧ್ಯತೆ ಇರುವ ಅಂಶಗಳ ಪಟ್ಟಿಗೆ ಸೇರಿಸಿತು.

‘ಮೊಣಕಾಲು ಬಗ್ಗಿಸಿ, ಬೆನ್ನು ನೇರ ಇಡಿ’ ಎಂಬುದು ನರ್ಸಿಂಗ್ ವಿದ್ಯಾರ್ಥಿಗಳಿಗೆ ಹಳೆಯ ಪಾಠ. ಪಾಠ ತಪ್ಪಲ್ಲ. ಆದರೆ ಬರೀ ತರಬೇತಿಯಿಂದ ಬೆನ್ನುನೋವು ಕಡಿಮೆಯಾಗುತ್ತದೆ ಎನ್ನುವುದಕ್ಕೆ ಅಧ್ಯಯನಗಳ ಆಧಾರ ಸಿಕ್ಕಿಲ್ಲ. ಮಂಚಕ್ಕೆ ಅಡ್ಡ ಬಾಗಿ ನಿಂತವರಿಗೆ ಮೊಣಕಾಲು ಬಗ್ಗಿಸಿ ಆಗುವುದಾದರೂ ಏನು? ನನ್ನ ಕೇಳಿದರೆ, ಗಟ್ಟಿ ಮೈಯವರನ್ನು ಹುಡುಕುವುದಕ್ಕಿಂತ ಎತ್ತುವ ಕೆಲಸವನ್ನೇ ಕಡಿಮೆ ಮಾಡುವುದು ಜಾಣತನ. ಬ್ರಿಟನ್ನಿನ 1992ರ ನಿಯಮ ಹೇಳುವುದೂ ಇದನ್ನೇ: ಅಪಾಯವಿರುವ ಕಡೆ ಕೈಯಿಂದ ಎತ್ತುವುದನ್ನು ಆದಷ್ಟು ತಪ್ಪಿಸಿ. ಮಂಗಳೂರು, ಉಡುಪಿಯಿಂದ ಅಲ್ಲಿಗೆ ಹೋಗುವ ನರ್ಸುಗಳು ರೋಗಿಯನ್ನು ಎತ್ತುವ ಯಂತ್ರ ಬಳಸಲೂ ಕಲಿಯಬೇಕಾಗುತ್ತದೆ.

ಯಂತ್ರ ದುಬಾರಿ, ನಿಜ. ನುಣುಪಾದ ನೈಲಾನ್ ಜಾರುಬಟ್ಟೆ ಅಷ್ಟು ದುಬಾರಿಯಲ್ಲ. ಹತ್ತಿ ಬೆಡ್‌ಶೀಟಿನ ಮೇಲೆ ರೋಗಿಯನ್ನು ಎಳೆಯುವಾಗ ಘರ್ಷಣೆಯೇ ದೊಡ್ಡ ಶತ್ರು. ಜಾರುಬಟ್ಟೆ ಹಾಕಿದರೆ ಎತ್ತದೆಯೇ ಸರಿಸಬಹುದು. ಮಂಚದ್ದು ಇನ್ನೊಂದು ವಿಷಯ. ಸಾಮಾನ್ಯ ವಾರ್ಡಿನ ಎಷ್ಟೋ ಮಂಚಗಳ ಹಿಡಿಕೆ ತಿರುಗಿಸಿದರೆ ರೋಗಿಯ ತಲೆ ಏಳುತ್ತದೆ, ಮೊಣಕಾಲು ಏಳುತ್ತದೆ, ಮಂಚ ಮಾತ್ರ ಇದ್ದಲ್ಲೇ. ಕೊಳ್ಳುವಾಗ ಎತ್ತರ ಬದಲಾಗುವ ಮಂಚ ಕೇಳಬೇಕು. ಮನೆಯಲ್ಲಿ ಅಜ್ಜನನ್ನೋ ಅಮ್ಮನನ್ನೋ ನೋಡಿಕೊಳ್ಳುವವರೂ ಇದನ್ನು ಗಮನಿಸಿ: ಹಾಸಿಗೆ ನಿಮ್ಮ ಸೊಂಟದ ಮಟ್ಟಕ್ಕಿರಲಿ, ಮಗ್ಗುಲು ಬದಲಿಸಲು ಇಬ್ಬರಿರಲಿ, ‘ಈಗ ಈ ಕಡೆ ತಿರುಗಿಸುತ್ತೇವೆ’ ಎಂದು ಅವರಿಗೆ ಮೊದಲೇ ಹೇಳಿ. ಅವರು ಒಂದು ಕಾಲು ಊರಿ ತಳ್ಳಿದರೂ ನಿಮ್ಮ ಬೆನ್ನಿನ ಲೆಕ್ಕದಿಂದ ಅಷ್ಟು ಕಿಲೋ ಕಳೆಯುತ್ತದೆ.