ಪದ ಪರಿಚಯ: ಪ್ರಭೇದ ಹರವಿನ ಮಾದರಿ

ಒಂದು ಜೀವಿ ಈವರೆಗೆ ಎಲ್ಲೆಲ್ಲಿ ಕಂಡಿದೆ ಎಂಬ ದಾಖಲೆಗಳನ್ನೂ, ಆ ಜಾಗಗಳ ಮಳೆ, ಉಷ್ಣತೆ, ಎತ್ತರ, ಮಣ್ಣು, ಮರಗಿಡಗಳ ವಿವರಗಳನ್ನೂ ಒಟ್ಟಿಗಿಟ್ಟು ಲೆಕ್ಕ ಹಾಕಿ, ಅದು ಇನ್ನೆಲ್ಲೆಲ್ಲಿ ಬಾಳಬಲ್ಲದು ಎಂಬುದನ್ನು ನಕ್ಷೆಯ ಮೇಲೆ ತೋರಿಸುವ ವಿಧಾನಕ್ಕೆ ಪ್ರಭೇದ ಹರವಿನ ಮಾದರಿ ಎನ್ನಬಹುದು. ‘ಪ್ರಭೇದ ವಿತರಣಾ ಮಾದರಿ’ ಎಂದು ಬರೆಯುವವರೂ ಇದ್ದಾರೆ. ಆದರೆ ವಿತರಣೆ ಎಂದೊಡನೆ ನಮಗೆ ಪಡಿತರ ವಿತರಣೆ, ಬಹುಮಾನ ವಿತರಣೆಗಳೇ ನೆನಪಾಗುತ್ತವೆ. ಯಾರೋ ಕುಳಿತು ಹಂಚಿದರು ಎಂಬ ಅರ್ಥ ಆ ಪದವನ್ನು ಬಿಡುವುದಿಲ್ಲ. ಜೀವಿಗಳು ತಾವಾಗಿ ಹರಡಿಕೊಂಡಿರುವುದನ್ನು ಹೇಳಲು ‘ಹರವು’ ಎಂಬ ಮಾತೇ ಹೆಚ್ಚು ಒಪ್ಪುತ್ತದೆ ಎಂಬುದು ನನ್ನ ಎಣಿಕೆ. ಇನ್ನು ಇಲ್ಲಿನ ‘ಮಾದರಿ’, ಅಂಗಡಿಯಲ್ಲಿ ತೋರಿಸುವ ನಮೂನೆಯಲ್ಲ. ಜೀವಿಗೂ ಅದರ ಪರಿಸರಕ್ಕೂ ಇರುವ ನಂಟನ್ನು ಅಂಕಿಗಳಲ್ಲಿ ಹಿಡಿಯಲು ಕಟ್ಟಿದ ಗಣಿತ.

ಇದರ ಹಿಂದಿರುವ ತಿಳಿವಳಿಕೆ ಹಳೆಯದು. ಏಲಕ್ಕಿಗೆ ನೆರಳೂ ತೇವವೂ ಬೇಕು, ಹಿಂಗಾರಿ ಜೋಳಕ್ಕೆ ಎರೆ ಭೂಮಿ ಬೇಕು ಎಂದು ಬಲ್ಲ ರೈತರು ಹೊಸ ಜಮೀನನ್ನು ನೋಡಿದ ಕೂಡಲೇ ಅಲ್ಲಿ ಏನು ಬಂದೀತು ಎಂದು ಅಂದಾಜು ಮಾಡುತ್ತಾರೆ. ವಿಜ್ಞಾನದಲ್ಲಿ ಈ ವಿಚಾರಕ್ಕೆ ರೂಪ ಬಂದದ್ದು 1917ರಲ್ಲಿ, ಅಮೆರಿಕದ ಪ್ರಾಣಿಶಾಸ್ತ್ರಜ್ಞ ಜೋಸೆಫ್ ಗ್ರಿನೆಲ್ ಅವರು ಕ್ಯಾಲಿಫೋರ್ನಿಯಾದ ಥ್ರ್ಯಾಷರ್ ಎಂಬ ಹಕ್ಕಿಯ ‘ನೆಲೆ’ಯನ್ನು ವಿವರಿಸಿದಾಗ. 1957ರಲ್ಲಿ ಪರಿಸರ ವಿಜ್ಞಾನಿ ಜಿ. ಇ. ಹಚಿನ್ಸನ್ ಅದನ್ನು ಎರಡಾಗಿ ಬಿಡಿಸಿದರು. ಜೀವಿಯ ದೇಹಧರ್ಮ ತಾಳಿಕೊಳ್ಳುವ ಪರಿಸ್ಥಿತಿಗಳೆಲ್ಲ ಸೇರಿದರೆ ಅದು ಬಾಳಬಲ್ಲ ನೆಲೆ. ಶತ್ರು, ಎದುರಾಳಿ ಜೀವಿಗಳ ನಡುವೆ ಅದಕ್ಕೆ ನಿಜವಾಗಿ ದಕ್ಕಿದ್ದು ಬಾಳುತ್ತಿರುವ ನೆಲೆ. ಮುಂದೆ ಬರುವ ಮಾತೆಲ್ಲ ಈ ಎರಡರ ನಡುವಿನ ಅಂತರವನ್ನೇ ಕುರಿತದ್ದು.

ಮಾದರಿ ಕಟ್ಟುವವರಿಗೆ ಮೊದಲು ಬೇಕಾದದ್ದು ಬಿಂದುಗಳು, ಎಂದರೆ ಜೀವಿ ಕಂಡ ಜಾಗಗಳ ಅಕ್ಷಾಂಶ ರೇಖಾಂಶಗಳು. ವಸ್ತುಸಂಗ್ರಹಾಲಯದ ಹಳೆಯ ಚೀಟಿಗಳಿಂದ ಹಿಡಿದು ಹಕ್ಕಿ ನೋಡುವವರು ಮೊಬೈಲಿನಲ್ಲಿ ತುಂಬಿದ ಪಟ್ಟಿಗಳವರೆಗೆ ಇವು ಎಲ್ಲಿಂದಲಾದರೂ ಬರಬಹುದು. ಎರಡನೆಯದಾಗಿ ಪರಿಸರದ ಪದರಗಳು ಬೇಕು. ವರ್ಲ್ಡ್‌ಕ್ಲಿಮ್ ಎಂಬ ಸಂಗ್ರಹದಲ್ಲಿ ಭೂಮಿಯ ನೆಲಭಾಗವನ್ನೆಲ್ಲ ಸುಮಾರು ಒಂದು ಚದರ ಕಿಲೋಮೀಟರಿನ ಚೌಕಗಳಾಗಿ ವಿಂಗಡಿಸಿ, ಅತಿ ಚಳಿಯ ತಿಂಗಳ ಕನಿಷ್ಠ ಉಷ್ಣತೆ, ಮಳೆ ಹೆಚ್ಚಿರುವ ಮೂರು ತಿಂಗಳ ಮಳೆ ಎಂಬಂಥ 19 ಅಂಶಗಳನ್ನು ಕೊಟ್ಟಿದ್ದಾರೆ. ಇವೆರಡನ್ನೂ ಬೆಸೆಯುವ ವಿಧಾನಗಳು ಹಲವು. 2006ರಲ್ಲಿ ಪ್ರಕಟವಾದ ಮ್ಯಾಕ್ಸೆಂಟ್ ಎಂಬ ವಿಧಾನ ಬಹಳ ಬಳಕೆಯಲ್ಲಿರುವುದಕ್ಕೆ ಕಾರಣ, ಅದಕ್ಕೆ ಜೀವಿ ಕಂಡ ಬಿಂದುಗಳಷ್ಟೇ ಸಾಕು, ‘ಇಲ್ಲಿ ಇಲ್ಲ’ ಎಂಬ ದಾಖಲೆ ಬೇಕಿಲ್ಲ. ಪ್ರದೇಶದ ತುಂಬ ಯಾದೃಚ್ಛಿಕವಾಗಿ ಆಯ್ದ ಸಾವಿರಾರು ಹಿನ್ನೆಲೆ ಬಿಂದುಗಳ ಪರಿಸರವನ್ನು ಜೀವಿ ಕಂಡ ಬಿಂದುಗಳ ಪರಿಸರದೊಡನೆ ಅದು ಹೋಲಿಸುತ್ತದೆ. ಕಂಡ ಬಿಂದುಗಳು ಹೇಳಿದ್ದನ್ನು ಒಪ್ಪಿಕೊಂಡು, ಅವು ಹೇಳದ ವಿಷಯದಲ್ಲಿ ಯಾವ ಕಡೆಗೂ ವಾಲದೆ, ಸಾಧ್ಯವಾದಷ್ಟು ಸಮನಾಗಿ ಹರಡಿದ ಅಂದಾಜನ್ನು ಆರಿಸಿಕೊಳ್ಳುತ್ತದೆ.

ಫಲಿತಾಂಶವಾಗಿ ಪ್ರತಿ ಚೌಕಕ್ಕೂ ಸೊನ್ನೆಯಿಂದ ಒಂದರವರೆಗಿನ ಒಂದು ಅಂಕಿ ಸಿಗುತ್ತದೆ. ಎಡವುವುದು ಹೆಚ್ಚಾಗಿ ಇಲ್ಲಿಯೇ. 0.8 ಎಂದಿರುವ ಚೌಕವನ್ನು ನೋಡಿ, ಅಲ್ಲಿ ಆ ಜೀವಿ ಇರುವ ಸಂಭವ ನೂರಕ್ಕೆ ಎಂಬತ್ತು ಎಂದು ಓದುವುದು ಸರಿಯಲ್ಲ. ಆ ಚೌಕದ ಹವೆ, ನೆಲಗಳು ಜೀವಿ ಕಂಡ ಜಾಗಗಳನ್ನು ಬಹಳ ಹೋಲುತ್ತವೆ ಎಂದಷ್ಟೇ ಅದರ ಅರ್ಥ. ನಕ್ಷೆ ಹೇಳುತ್ತಿರುವುದು ‘ಬಾಳಬಹುದು’ ಎಂದು, ‘ಇದೆ’ ಎಂದಲ್ಲ.

ಮೆಕ್ಕೆಜೋಳ ಬೆಳೆಯುವವರು ಲದ್ದಿಹುಳು ಎಂದೂ ಕರೆಯುವ ಫಾಲ್ ಸೈನಿಕ ಹುಳುವಿನ ಸಂಗತಿಯನ್ನು ತೆಗೆದುಕೊಂಡರೆ ಇದು ಸ್ಪಷ್ಟವಾಗುತ್ತದೆ. ಹುಳು ಬಿದ್ದ ಗಿಡದ ಸುಳಿಯನ್ನು ಬಿಡಿಸಿದರೆ ಒದ್ದೆಯಾದ ಮರದ ಹೊಟ್ಟಿನಂಥ ಹಿಕ್ಕೆ ತುಂಬಿಕೊಂಡಿರುತ್ತದೆ. ಅದನ್ನು ಸರಿಸಿದರೆ ಹುಳು ಸಿಗುತ್ತದೆ. ಅದರ ತಲೆಯ ಮೇಲೆ ತಲೆಕೆಳಗಾದ ವೈ ಅಕ್ಷರದಂಥ ತಿಳಿ ಗೆರೆ, ಹಿಂತುದಿಯ ಹತ್ತಿರ ಚೌಕಾಕಾರವಾಗಿ ನಾಲ್ಕು ಕಪ್ಪು ಚುಕ್ಕೆ. ಅಮೆರಿಕ ಖಂಡಗಳ ಬಿಸಿ ಪ್ರದೇಶದ ಈ ಕೀಟ 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿಕೊಂಡಿತು. ಭಾರತದಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಶಿವಮೊಗ್ಗದಲ್ಲಿ, 2018ರ ಮೇ ತಿಂಗಳಲ್ಲಿ. ಆಫ್ರಿಕಾಕ್ಕೆ ಬಂದದ್ದು ಗೊತ್ತಾದೊಡನೆ ಸಂಶೋಧಕರು ಅದರ ಹರವಿನ ಮಾದರಿಗಳನ್ನು ಕಟ್ಟಲು ಕುಳಿತರು. ದಕ್ಷಿಣ ಏಷ್ಯಾ, ಆಗ್ನೇಯ ಏಷ್ಯಾ, ಆಸ್ಟ್ರೇಲಿಯಾಗಳ ಹವೆ ಈ ಹುಳುವಿಗೆ ಒಗ್ಗುತ್ತದೆ ಎಂದು ಆ ನಕ್ಷೆಗಳು ತೋರಿಸಿದವು. 2020ರ ಆರಂಭಕ್ಕೆ ಅದು ಆಸ್ಟ್ರೇಲಿಯಾವನ್ನೂ ಮುಟ್ಟಿತ್ತು.

ಈ ಮಾದರಿಯನ್ನು ಕಟ್ಟುವಾಗ ಎದುರಾದ ತೊಡಕನ್ನು ಗಮನಿಸಬೇಕು. ಈ ಹುಳು ಹಿಮ ಬೀಳುವ ಚಳಿಗಾಲವನ್ನು ತಾಳಲಾರದು, ಚಳಿ ಕಳೆಯುವವರೆಗೆ ನಿದ್ದೆಯಲ್ಲಿರುವ ಸ್ವಭಾವವೂ ಅದಕ್ಕಿಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಅದು ಚಳಿಗಾಲವನ್ನು ಕಳೆಯುವುದು ದಕ್ಷಿಣ ಫ್ಲೋರಿಡಾ, ದಕ್ಷಿಣ ಟೆಕ್ಸಾಸ್‌ಗಳಂಥ ಬೆಚ್ಚಗಿನ ತುದಿಯಲ್ಲಿ ಮಾತ್ರ. ಬೇಸಿಗೆ ಬಂದಂತೆ ಅದರ ಪತಂಗಗಳು ಗಾಳಿಯೊಡನೆ ಉತ್ತರಕ್ಕೆ ಹಾರಿ ಕೆನಡಾದವರೆಗೂ ಹೋಗುತ್ತವೆ. ಹೀಗಾಗಿ ಬೇಸಿಗೆಯಲ್ಲಿ ಕೆನಡಾದ ಹೊಲವೊಂದರಲ್ಲಿ ಹಿಡಿದ ಹುಳುವಿನ ದಾಖಲೆ ಸುಳ್ಳಲ್ಲ, ಆದರೆ ಅದು ವಲಸೆ ಬಂದ ಹುಳುವಿನ ದಾಖಲೆ. ಅದನ್ನು ವರ್ಷವಿಡೀ ಬಾಳುವ ನೆಲೆಯ ಬಿಂದುವೆಂದು ಸೇರಿಸಿಬಿಟ್ಟರೆ, ಈ ಕೀಟ ಹಿಮವನ್ನೂ ತಾಳುತ್ತದೆ ಎಂದು ಮಾದರಿ ಕಲಿತುಬಿಡುತ್ತದೆ. ಲೆಕ್ಕದಲ್ಲಿ ಎಳ್ಳಷ್ಟೂ ದೋಷವಿಲ್ಲದೆ ಉತ್ತರ ಪೂರಾ ತಪ್ಪಾಗುವುದು ಹೀಗೆ.

ಇದಕ್ಕೆ ಇನ್ನೊಂದು ಹಾದಿಯೂ ಇದೆ. ಬಿಂದುಗಳ ಹಿಂದೆ ಹೋಗದೆ ಕೀಟದ ದೇಹಧರ್ಮದಿಂದಲೇ ಹೊರಡುವ ಮಾದರಿಗಳು ಬೇರೆ ಇವೆ. 1980ರ ದಶಕದಲ್ಲಿ ಆಸ್ಟ್ರೇಲಿಯಾದಲ್ಲಿ ರೂಪುಗೊಂಡ ಕ್ಲೈಮೆಕ್ಸ್ ಅಂಥದು. ಎಷ್ಟು ಡಿಗ್ರಿಗಿಂತ ಕೆಳಗೆ ಹುಳುವಿನ ಬೆಳವಣಿಗೆ ನಿಲ್ಲುತ್ತದೆ, ಎಷ್ಟು ಬಿಸಿಗೆ, ಎಷ್ಟು ಒಣಹವೆಗೆ ಅದು ಸಾಯುತ್ತದೆ ಎಂಬುದನ್ನು ಕೊಟ್ಟರೆ ಅದು ಊರೂರಿನ ಹವೆಗೆ ತಾಳೆ ನೋಡುತ್ತದೆ. ಫಾಲ್ ಸೈನಿಕ ಹುಳುವಿನ ಬೆಳವಣಿಗೆ ಸುಮಾರು 12–13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ನಿಂತುಹೋಗುತ್ತದೆ. ಈ ಬಗೆಯ ಮಾದರಿಯಲ್ಲಿ ನೀರಾವರಿಯನ್ನೂ ಸೇರಿಸಬಹುದು, ನಮಗೆ ಇದು ಬಹಳ ಮುಖ್ಯ. ಮಳೆಯ ಅಂಕಿಯೊಂದನ್ನೇ ನಂಬಿದರೆ ತುಂಗಭದ್ರಾ ನಾಲೆಯ ಬಯಲು ಬೇಸಿಗೆಯಲ್ಲಿ ಒಣನೆಲವಾಗಿ ಕಾಣುತ್ತದೆ; ಆದರೆ ಕಾಲುವೆ, ಕೊಳವೆಬಾವಿಗಳ ನೀರಿನಲ್ಲಿ ಅಲ್ಲಿ ಹಸುರು ಇದ್ದರೆ ಹುಳುವಿಗೆ ಅಷ್ಟೇ ಸಾಕು.

ಬಿಂದುಗಳ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ದಾಖಲೆಗಳು ಜೀವಿ ಇರುವಲ್ಲೆಲ್ಲ ಹುಟ್ಟುವುದಿಲ್ಲ, ಮನುಷ್ಯರು ಹೋದಲ್ಲಿ ಹುಟ್ಟುತ್ತವೆ. ಬೆಂಗಳೂರಿನ ಸುತ್ತಮುತ್ತ ಹಕ್ಕಿ ನೋಡುವವರು ಹೆಚ್ಚು, ದೂರದ ಬಯಲಿನಲ್ಲಿ ಕಡಿಮೆ. ಆ ಪಟ್ಟಿಗಳನ್ನು ಹಾಗೆಯೇ ಕೊಟ್ಟರೆ, ಹಕ್ಕಿ ಬೆಂಗಳೂರಿನ ಹವೆಯನ್ನೇ ಮೆಚ್ಚುತ್ತದೆ ಎಂದು ಮಾದರಿ ತಿಳಿಯುತ್ತದೆ. ಆದ್ದರಿಂದ ಹಿನ್ನೆಲೆ ಬಿಂದುಗಳನ್ನೂ ಜನ ಓಡಾಡಿದ ಜಾಗಗಳಿಂದಲೇ ಆರಿಸಿ ಈ ವಾಲಿಕೆಯನ್ನು ಸರಿದೂಗಿಸುತ್ತಾರೆ.

‘ಕಾಣಲಿಲ್ಲ’ ಎಂಬುದನ್ನು ‘ಇಲ್ಲ’ ಎಂದು ಬರೆದುಕೊಳ್ಳುವುದೂ ಇಂಥದೇ ತಪ್ಪು. ಹುಲಿ ಇರುವ ಕಾಡಿನಲ್ಲಿ ಒಂದು ನಡಿಗೆಗೆ ಅದರ ಹೆಜ್ಜೆಯೋ ಹಿಕ್ಕೆಯೋ ಸಿಗುವ ಸಂಭವ ನೂರಕ್ಕೆ 40 ಎಂದಿಟ್ಟುಕೊಳ್ಳೋಣ. ಮೂರು ಸಲ ನಡೆದರೂ ಒಮ್ಮೆಯೂ ಏನೂ ಸಿಗದಿರುವ ಸಂಭವ 0.6ನ್ನು ಮೂರು ಸಲ ಗುಣಿಸಿದಷ್ಟು, ಎಂದರೆ ನೂರಕ್ಕೆ ಸುಮಾರು 22. ಐದರಲ್ಲಿ ಒಂದು ಕಡೆಯಾದರೂ ಇದ್ದ ಹುಲಿಯನ್ನು ಇಲ್ಲವೆಂದು ಬರೆದಂತಾಯಿತು. ಕರ್ನಾಟಕದ ಮಲೆನಾಡಿನಲ್ಲಿ ಉಲ್ಲಾಸ ಕಾರಂತ ಮತ್ತು ಸಂಗಡಿಗರು 188 ಚದರ ಕಿಲೋಮೀಟರಿನ ಚೌಕಗಳಲ್ಲಿ ನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚು ಕಾಡುದಾರಿ ನಡೆದು ಹುಲಿಯ ಗುರುತುಗಳನ್ನು ದಾಖಲಿಸಿದಾಗ, ಈ ಕಾಣದೇ ಹೋಗುವ ಸಂಭವವನ್ನೂ ಲೆಕ್ಕಕ್ಕೆ ತಂದರು. 2011ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಬರೀ ಕಂಡದ್ದನ್ನು ಎಣಿಸಿದ್ದರೆ ಹುಲಿಯ ಹರವು ಇದ್ದದ್ದಕ್ಕಿಂತ ಬಹಳ ಕಿರಿದಾಗಿ ಕಾಣುತ್ತಿತ್ತು. ಇಂಥ ಲೆಕ್ಕಕ್ಕೆ ಕಾಲ್ನಡಿಗೆಯ ಶ್ರಮ ಹೆಚ್ಚು, ಆದರೆ ಹೀಗೆ ದುಡಿದು ಪಡೆದ ನಕ್ಷೆಯನ್ನು ನಾನು ಹೆಚ್ಚು ನಂಬುತ್ತೇನೆ.

ಮಾದರಿಯ ನಿಜವಾದ ಪರೀಕ್ಷೆಯೂ ನೆಲದ ಮೇಲೆಯೇ ನಡೆಯಬೇಕು. ಮಡಗಾಸ್ಕರ್‌ನಲ್ಲಿ ಹನ್ನೊಂದು ಊಸರವಳ್ಳಿ ಪ್ರಭೇದಗಳ ಹರವನ್ನು ಹೀಗೆ ಅಂದಾಜು ಮಾಡಿದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಅಲ್ಲಿನ ಕೆಲವು ನಕ್ಷೆಗಳಲ್ಲಿ, ಆ ಪ್ರಭೇದ ಇರುವುದೇ ತಿಳಿಯದ ಜಾಗಗಳಲ್ಲೂ ‘ಬಾಳಬಹುದು’ ಎಂದು ಬಂದಿತ್ತು. ಅದನ್ನು ಮಾದರಿಯ ತಪ್ಪೆಂದು ಬಿಟ್ಟುಬಿಡದೆ ಸಂಶೋಧಕರು ಆ ಕಡೆ ಹೋಗಿ ಹುಡುಕಿದರು. ಹುಡುಕಿದ ಪ್ರಭೇದ ಅಲ್ಲಿರಲಿಲ್ಲ, ಆದರೆ ವಿಜ್ಞಾನಕ್ಕೆ ಅದುವರೆಗೆ ಗೊತ್ತೇ ಇಲ್ಲದ ಏಳು ಹೊಸ ಊಸರವಳ್ಳಿ ಪ್ರಭೇದಗಳು ಸಿಕ್ಕವು.

ಕೀಟದ ವಿಷಯದಲ್ಲಿಯೂ ವನ್ಯಜೀವಿಯ ವಿಷಯದಲ್ಲಿಯೂ ಬಳಸುವ ಗಣಿತ ಒಂದೇ ಆದರೂ ತಪ್ಪಿದರೆ ತೆರಬೇಕಾದ ಬೆಲೆ ಬೇರೆ. ಪತಂಗಗಳನ್ನು ವಾಸನೆಯಿಂದ ಸೆಳೆದು ಹಿಡಿಯುವ ಮೋಹಕ ಬಲೆಗಳನ್ನು ಯಾವ ತಾಲ್ಲೂಕುಗಳಲ್ಲಿ ಕಟ್ಟಬೇಕು ಎಂದು ತೀರ್ಮಾನಿಸುವವರು 0.3 ಇರುವ ಚೌಕವನ್ನೂ ಬಿಡಬಾರದು. ಹುಳು ಬಾರದ ಊರಿನಲ್ಲಿ ಬಲೆ ಕಟ್ಟಿದರೆ ಒಂದಿಷ್ಟು ಖರ್ಚು, ಬರುವ ಊರನ್ನು ಬಿಟ್ಟರೆ ಬೆಳೆಯೇ ಹೋಗುತ್ತದೆ. ಅಳಿವಿನಂಚಿನ ಪ್ರಾಣಿಗಾಗಿ ಕಾಡನ್ನು ಆರಿಸುವವರಿಗೆ ಅತಿಯಾದ ಅಂದಾಜೇ ಅಪಾಯ. ‘ಇನ್ನೂ ಇಷ್ಟು ಕಡೆ ಜಾಗವಿದೆ’ ಎಂದು ತೋರಿಸುವ ಹಸುರು ನಕ್ಷೆ ಇರುವ ಒಂದು ಕಾಡನ್ನು ಬಿಟ್ಟುಕೊಡಲು ನೆವವಾಗಬಹುದು. ಎಲ್ಲಿಂದ ಮೇಲೆ ‘ಹೌದು’ ಎನ್ನಬೇಕೆಂಬ ಗಡಿಯನ್ನು ಗಣಿತ ತಾನಾಗಿ ನಿರ್ಧರಿಸುವುದಿಲ್ಲ. ನಕ್ಷೆಯ ಜೊತೆಗೆ ಆ ಗಡಿಯನ್ನೂ ಅದನ್ನು ಆರಿಸಿದ ಕಾರಣವನ್ನೂ ಬರೆಯದಿದ್ದರೆ ಆ ನಕ್ಷೆ ಅಪೂರ್ಣ.

ಹೊರಗಿನಿಂದ ಬಂದ ಗಿಡಗಳಲ್ಲಿ ಮಾದರಿ ಹೆಚ್ಚಾಗಿ ಸೋಲುವುದು ಇನ್ನೊಂದು ಕಾರಣಕ್ಕೆ. ಲಂಟಾನ ತನ್ನ ತವರಾದ ಅಮೆರಿಕ ಖಂಡಗಳಲ್ಲಿ ಕಾಣದಂಥ ಹವೆಯಲ್ಲೂ ಭಾರತದಲ್ಲಿ ಬೇರೂರಿದೆ. ತವರಿನ ಬಿಂದುಗಳಿಂದಷ್ಟೇ ಕಟ್ಟಿದ ಮಾದರಿ ನಮ್ಮಲ್ಲಿನ ಅದರ ಹಬ್ಬುವಿಕೆಯನ್ನು ಪೂರ್ತಿಯಾಗಿ ಹೇಳಲಾರದು. ತವರಿನಲ್ಲಿ ಅದನ್ನು ಹದ್ದಿನಲ್ಲಿಟ್ಟ ಕೀಟ, ರೋಗಗಳು ಅದರೊಡನೆ ಬರದಿದ್ದುದು ಇದಕ್ಕೆ ಒಂದು ಕಾರಣವಿರಬಹುದು. ಈಗಾಗಲೇ ಹೇಳಿದ ‘ಬಾಳುತ್ತಿರುವ ನೆಲೆ’ ತವರಿನಲ್ಲಿ ಚಿಕ್ಕದಿತ್ತು, ಇಲ್ಲಿ ಅದು ‘ಬಾಳಬಲ್ಲ ನೆಲೆ’ಯ ಕಡೆಗೆ ಚಾಚಿಕೊಂಡಿತು.

ಚೌಕದ ಗಾತ್ರಕ್ಕಿಂತ ಚಿಕ್ಕದಾದದ್ದು ಯಾವುದೂ ಮಾದರಿಗೆ ಕಾಣುವುದಿಲ್ಲ. ಪಶ್ಚಿಮ ಘಟ್ಟದಲ್ಲಿ ಮಾತ್ರ ಇರುವ ಸಿಂಗಳೀಕ ಮರದ ಮೇಲೆಯೇ ಬಾಳುವ ಪ್ರಾಣಿ. ಅದರ ರಕ್ಷಣೆಗೆಂದೇ 2011ರಲ್ಲಿ ಉತ್ತರ ಕನ್ನಡದಲ್ಲಿ ಅಘನಾಶಿನಿ ಸಂರಕ್ಷಣಾ ಮೀಸಲನ್ನು ಘೋಷಿಸಲಾಯಿತು. ಮಳೆ, ಎತ್ತರ, ನಿತ್ಯಹರಿದ್ವರ್ಣ ಕಾಡು ಎಲ್ಲ ಒಪ್ಪಿದ ಒಂದು ಚೌಕಕ್ಕೆ ಮಾದರಿ ಪೂರ್ತಿ ಹಸುರು ಬಳಿಯಬಹುದು. ಆ ಚೌಕದ ನಡುವೆ ಹೊಸದಾಗಿ ಅಗಲಗೊಳಿಸಿದ ರಸ್ತೆಯ ಮೇಲೆ ಎರಡೂ ಬದಿಯ ಕೊಂಬೆಗಳು ಇನ್ನೂ ಒಂದನ್ನೊಂದು ಮುಟ್ಟುತ್ತಿವೆಯೇ, ಹಿಂಡಿಗೆ ಬೇಕಾದ ಉಪ್ಪಗೆ ಹಣ್ಣು ಮರದಲ್ಲಿ ಉಳಿದಿದೆಯೇ, ಅಥವಾ ಒಣಗಿಸಿ ಮಾರಲು ಜನ ಕೊಯ್ದುಕೊಂಡು ಹೋಗಿದ್ದಾರೆಯೇ ಎಂಬುದನ್ನು ಮಾತ್ರ ಅಲ್ಲಿ ನಿಂತು, ತಲೆಯೆತ್ತಿ ನೋಡಿಯೇ ಬರೆದುಕೊಳ್ಳಬೇಕು.