ಸಾವಿರ ರೂಪಾಯಿಯ ಟ್ರೈಪಾಡ್ ತಗೊಳ್ಳಬಹುದಾ?

ಪ್ರಶ್ನೆ: ನಾನು ಮೈಸೂರಿನವಳು. ಜೊತೆಗೇ ಬಂದ ಕಿಟ್ ಲೆನ್ಸ್ ಇರುವ ಹಳೇ ಕ್ಯಾಮೆರಾ ಇದೆ, ಆದರೆ ಹೆಚ್ಚಾಗಿ ಫೋನಿನಲ್ಲೇ ಫೋಟೊ ತೆಗೆಯುತ್ತೇನೆ. ಅರಮನೆ ದೀಪಾಲಂಕಾರದ ಫೋಟೊ ಪ್ರತಿ ಸಲವೂ ಅಲುಗಾಡಿದ ಹಾಗೆ ಬರುತ್ತದೆ. ಆನ್‌ಲೈನಿನಲ್ಲಿ ಸಾವಿರ, ಸಾವಿರದ ಇನ್ನೂರಕ್ಕೆಲ್ಲ ಟ್ರೈಪಾಡ್ ಸಿಗುತ್ತಿದೆ. ತಗೊಂಡರೆ ದುಡ್ಡು ದಂಡವೇ?

ಉತ್ತರ: ದಂಡವಲ್ಲ, ಧೈರ್ಯವಾಗಿ ತಗೊಳ್ಳಿ. ನಿಮ್ಮ ಹತ್ತಿರ ಇರುವುದು ಫೋನು ಮತ್ತು ಹಗುರವಾದ ಕಿಟ್ ಲೆನ್ಸ್. ತೆಗೆಯಬೇಕಾದ್ದು ಕದಲದೆ ನಿಂತಿರುವ ಅರಮನೆ. ಇಷ್ಟಕ್ಕೆ ಸಾವಿರ ರೂಪಾಯಿಯ ಟ್ರೈಪಾಡ್ ಸಾಕು. ಆದರೆ ಈ ಪ್ರಶ್ನೆ ಕೇಳುವ ಎಲ್ಲರಿಗೂ ಇದೇ ಉತ್ತರ ಕೊಡಲಾರೆ. ಹಕ್ಕಿ ತೆಗೆಯುವವರಿಗೆ, ವಿಡಿಯೊ ಮಾಡುವವರಿಗೆ ಬೇರೆ ಮಾತು ಹೇಳಬೇಕಾಗುತ್ತದೆ. ಟ್ರೈಪಾಡ್ ಮೇಲೆ ಎಷ್ಟು ಭಾರ ಕೂರುತ್ತದೆ, ಸುತ್ತ ಎಷ್ಟು ಗಾಳಿ ಬೀಸುತ್ತದೆ ಅನ್ನುವುದನ್ನು ನೋಡಿ ಆಮೇಲೆ ಬೆಲೆ ನೋಡಬೇಕು.

ಮೊದಲು ಫೋಟೊ ಯಾಕೆ ಅಲುಗುತ್ತದೆ ನೋಡಿ. ಸುಮಾರು ಒಂದು ಲಕ್ಷ ಬಲ್ಬು ಉರಿಯುವ ಅರಮನೆ ನಮ್ಮ ಕಣ್ಣಿಗೆ ಝಗಮಗ ಅನ್ನಿಸುತ್ತದೆ. ಕ್ಯಾಮೆರಾಗೆ ಆ ಬೆಳಕೂ ಕಡಿಮೆಯೇ. ಕೈಯಲ್ಲಿ ಹಿಡಿದು ತೆಗೆದಾಗ ಐಎಸ್‌ಒ 3200 (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಂಕಿ), ಅಪರ್ಚರ್ ಅಂದರೆ ಲೆನ್ಸಿನ ಕಿಂಡಿ ಎಫ್ 4, ಶಟರ್ ತೆರೆದಿರುವ ಹೊತ್ತು 1/30 ಸೆಕೆಂಡ್ ಬಂತು ಅಂತಿಟ್ಟುಕೊಳ್ಳಿ. ಆಕಾಶದ ತುಂಬ ಮರಳು ಚೆಲ್ಲಿದ ಹಾಗೆ ಚುಕ್ಕೆ ಬರುತ್ತದೆ, ಕೈ ಸ್ವಲ್ಪ ನಡುಗಿದರೂ ಬಲ್ಬುಗಳ ಸಾಲು ಎಳೆದುಕೊಳ್ಳುತ್ತದೆ. ಅದೇ ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು ಐಎಸ್‌ಒ 100ಕ್ಕೆ ಇಳಿಸಿ. ಈಗ 32 ಪಟ್ಟು ಹೊತ್ತು ಶಟರ್ ತೆರೆದಿರಬೇಕು, ಅಂದರೆ ಸುಮಾರು ಒಂದು ಸೆಕೆಂಡ್. ಅಪರ್ಚರನ್ನೂ ಕಿರಿದು ಮಾಡಿ ಎಫ್ 8ಕ್ಕೆ ತಂದರೆ ನಾಲ್ಕು ಸೆಕೆಂಡ್. ಕಮಾನು, ಗೋಪುರ, ಬಲ್ಬಿನ ಒಂದೊಂದು ಸಾಲು ಎಲ್ಲ ಬಿಡಿಬಿಡಿಯಾಗಿ ಕಾಣುತ್ತದೆ. ಮುಂದೆ ಓಡಾಡುವ ಜನ ಮಸುಕಾಗಿಬಿಡುತ್ತಾರೆ, ಅದೂ ಒಂದು ಅನುಕೂಲವೇ. ಫೋನಿನ ನೈಟ್ ಮೋಡ್‌ಗೂ ಇದೇ ಲೆಕ್ಕ. ತಾನು ಅಲುಗುತ್ತಿಲ್ಲ ಅಂತ ಗೊತ್ತಾದರೆ ಕೆಲವು ಫೋನುಗಳು ತಾವಾಗಿಯೇ ಇನ್ನೂ ಹೆಚ್ಚು ಹೊತ್ತು ಬೆಳಕು ತಗೊಳ್ಳುತ್ತವೆ.

ಮೈಸೂರಿನವರೇ ಆದ್ದರಿಂದ ಇನ್ನೊಂದು ಮಾತು. ದಸರಾ ಜನಜಂಗುಳಿಯಲ್ಲಿ ಮೊದಲ ಸಲ ಟ್ರೈಪಾಡ್ ಬಿಚ್ಚಬೇಡಿ. ಯಾರದ್ದಾದರೂ ಕಾಲು ತಾಗೇ ತಾಗುತ್ತದೆ, ಅವರಿಗೂ ತೊಂದರೆ. ಭಾನುವಾರ ಸಂಜೆ ಏಳರ ಹೊತ್ತಿಗೆ ಹೇಗೂ ದೀಪ ಹಾಕುತ್ತಾರಲ್ವಾ, ಅವತ್ತು ಹೋಗಿ ಅಭ್ಯಾಸ ಮಾಡಿ. ಡಿಸೆಂಬರಿನಲ್ಲಿ ಆರು ಗಂಟೆಗೇ ಸೂರ್ಯ ಮುಳುಗುತ್ತಾನೆ, ಏಳಕ್ಕೆ ಆಕಾಶ ಕಪ್ಪಾಗಿರುತ್ತದೆ. ಮೇ, ಜೂನ್‌ನಲ್ಲಿ ಮುಳುಗುವುದು ಆರೂಮುಕ್ಕಾಲರ ಸುಮಾರಿಗೆ. ಆಗ ದೀಪ ಹತ್ತಿದ ಮೊದಲ ಕೆಲವು ನಿಮಿಷ ಆಕಾಶದಲ್ಲಿ ಇನ್ನೂ ನೀಲಿ ಉಳಿದಿರುತ್ತದೆ. ಹಳದಿ ದೀಪದ ಹಿಂದೆ ಆ ನೀಲಿ ಬಂದರೆ ಫೋಟೊದ ಕಳೆಯೇ ಬೇರೆ. ನನ್ನನ್ನು ಕೇಳಿದರೆ, ಟ್ರೈಪಾಡ್ ಎಂಥದ್ದು ಅನ್ನುವುದಕ್ಕಿಂತ ಈ ಸಮಯ ಹಿಡಿಯುವುದು ದೊಡ್ಡ ವಿಷಯ.

ಆದರೆ ಅಷ್ಟರಲ್ಲಿ ಆಷಾಢದ ಗಾಳಿ ಶುರುವಾಗುತ್ತದೆ. ಅಗ್ಗದ ಟ್ರೈಪಾಡ್ ಸೋಲುವುದು ಇಲ್ಲೇ. ಚಾಮುಂಡಿ ಬೆಟ್ಟದ ಮೇಲಿಂದ ರಾತ್ರಿ ಊರಿನ ದೀಪ ತೆಗೆಯಲು ಹೋದರೆ ಒಂದು ಕಿಲೋ ತೂಕದ ಟ್ರೈಪಾಡ್ ಗಾಳಿಗೆ ಸಣ್ಣಗೆ ನಡುಗುತ್ತಲೇ ಇರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಫೋಟೊದಲ್ಲಿ ಕಾಣುತ್ತದೆ. ಮಳೆಗಾಲದಲ್ಲಿ ಗಗನಚುಕ್ಕಿ ಜಲಪಾತ ತುಂಬಿ ಬೀಳುವಾಗಲೂ ಹಾಗೆಯೇ. ನೀರು ಹಾಲಿನ ಹಾಗೆ ನುಣ್ಣಗೆ ಬರಲಿ ಅಂತ ಅರ್ಧ ಸೆಕೆಂಡ್, ಒಂದು ಸೆಕೆಂಡ್ ಇಟ್ಟರೆ ನೀರಿನ ಜೊತೆ ಬಂಡೆಯೂ ನುಣ್ಣಗಾಗಿ ಬರುತ್ತದೆ.

ಯಾಕೆ ಹೀಗೆ? ಈ ಬೆಲೆಯ ಟ್ರೈಪಾಡಿನಲ್ಲಿ ಕಾಲಿನ ಕೊಳವೆ ತೆಳು ಅಲ್ಯೂಮಿನಿಯಂ ಇರುತ್ತದೆ, ಅದು ಪರವಾಗಿಲ್ಲ. ಆದರೆ ಆ ಕೊಳವೆಗಳನ್ನು ಹಿಡಿದಿರುವ ಲಾಕ್, ಮೂರು ಕಾಲು ಸೇರುವ ಜಾಗ, ಕ್ಯಾಮೆರಾ ಕೂರುವ ಮೇಲಿನ ಹೆಡ್, ಎಲ್ಲ ಪ್ಲಾಸ್ಟಿಕ್. ಕಾಲು ಎಷ್ಟೇ ಗಟ್ಟಿ ಇದ್ದರೂ ಹೆಡ್ ಬಾಗುತ್ತದೆ. ಅಂಗಡಿಯಲ್ಲಿ ನೋಡಿ ತಗೊಳ್ಳುವುದಾದರೆ ನಿಮ್ಮ ಕ್ಯಾಮೆರಾವನ್ನೇ ಒಯ್ಯಿರಿ. ಟ್ರೈಪಾಡ್ ಮೇಲೆ ಕೂರಿಸಿ, ಎಲ್ಲ ತಿರುಪು ಬಿಗಿ ಮಾಡಿ, ಪರದೆಯಲ್ಲಿ ದೂರದ ಬೋರ್ಡಿನ ಒಂದು ಅಕ್ಷರವನ್ನು ದೊಡ್ಡದು ಮಾಡಿ ಇಟ್ಟುಕೊಳ್ಳಿ. ಈಗ ಕೈ ಬಿಡಿ. ಅಕ್ಷರ ನಿಧಾನಕ್ಕೆ ಮೇಲೆ ಜಾರಿದರೆ ಲೆನ್ಸ್ ಕೆಳಗೆ ಬಾಗುತ್ತಿದೆ ಅಂತ ಅರ್ಥ. ಆಮೇಲೆ ಒಂದು ಕಾಲನ್ನು ಬೆರಳಲ್ಲಿ ಮೆಲ್ಲಗೆ ತಟ್ಟಿ. ಅಕ್ಷರ ನಡುಗಿ ಒಂದೆರಡು ಸೆಕೆಂಡಿನಲ್ಲಿ ನಿಂತರೆ ಸರಿ. ಐದಾರು ಸೆಕೆಂಡ್ ನಡುಗುತ್ತಲೇ ಇದ್ದರೆ ಬೇರೆಯದು ನೋಡಿ. ಆನ್‌ಲೈನಿನಲ್ಲಿ ತರಿಸಿದರೂ ವಾಪಸ್ ಕೊಡುವ ಅವಧಿ ಮುಗಿಯುವ ಮೊದಲು ಮನೆಯಲ್ಲೇ ಇದನ್ನು ಮಾಡಬಹುದು. ಡಬ್ಬದ ಮೇಲೆ ಇಷ್ಟು ಕಿಲೋ ತಡೆಯುತ್ತದೆ ಅಂತ ಬರೆದಿರುವುದನ್ನು ಜಾಸ್ತಿ ನಂಬಬೇಡಿ. ಅಷ್ಟು ಭಾರಕ್ಕೆ ಮುರಿಯದೆ ಇರಬಹುದು, ಅಲುಗದೆ ಇರುತ್ತದೆ ಅಂತೇನಿಲ್ಲ.

ತಗೊಂಡ ಮೇಲೆ ಬಳಸುವುದರಲ್ಲೂ ಇದೆ. ನಡುವಿನ ಕಂಬವನ್ನು ಮೇಲೆತ್ತಲೇಬೇಡಿ. ಅದನ್ನು ಎತ್ತಿದ ಕೂಡಲೇ ಮೂರು ಕಾಲಿನ ಟ್ರೈಪಾಡ್ ಒಂಟಿ ಕೋಲಾಗುತ್ತದೆ. ಕಾಲುಗಳ ಕೊನೆಯ ಸಣ್ಣ ಕೊಳವೆಯನ್ನೂ ತೀರಾ ಬೇಕಾದರೆ ಮಾತ್ರ ಎಳೆಯಿರಿ. ಕುಳಿತು ತೆಗೆದರೂ ಅಡ್ಡಿಯಿಲ್ಲ, ಎತ್ತರ ಕಮ್ಮಿ ಆದಷ್ಟೂ ಫೋಟೊ ಗಟ್ಟಿ. ಬ್ಯಾಗನ್ನು ಕಂಬದ ಕೊಕ್ಕೆಗೆ ನೇತು ಹಾಕಿ, ಆದರೆ ಗಾಳಿಗೆ ತೂಗಾಡದ ಹಾಗೆ ಅದರ ತಳ ನೆಲಕ್ಕೆ ತಾಗಿರಲಿ. ಬಟನ್ ಒತ್ತುವಾಗಲೇ ಕ್ಯಾಮೆರಾ ಅಲುಗುತ್ತದೆ, ಅದಕ್ಕೆ ಎರಡು ಸೆಕೆಂಡಿನ ಟೈಮರ್ ಇಡಿ. ಲೆನ್ಸಿನಲ್ಲಿ ನಡುಕ ತಡೆಯುವ ಸ್ವಿಚ್ ಇದ್ದರೆ ಆಫ್ ಮಾಡಿ.

ಹಕ್ಕಿ ತೆಗೆಯುವವರಿಗೆ ಹೇಳಬೇಕಾದ ಮಾತು ಇದು. ಉದ್ದ ಲೆನ್ಸ್ ಹಾಕಿದರೆ ಅಗ್ಗದ ಟ್ರೈಪಾಡ್ ಬೇಡವೇ ಬೇಡ, ಕ್ಯಾಮೆರಾ ಮೂತಿ ಮುಂದಾಗಿ ಬಿದ್ದೀತು. ರಂಗನತಿಟ್ಟಿನ ದೋಣಿಯಲ್ಲಿ ಎಂಥ ಟ್ರೈಪಾಡೂ ಉಪಯೋಗವಿಲ್ಲ. ದೋಣಿಯೇ ಅಲುಗುವಾಗ ಟ್ರೈಪಾಡ್ ಏನು ಮಾಡೀತು? ಅಲ್ಲಿ ಕೈಯಲ್ಲೇ ಹಿಡಿದು ಶಟರನ್ನು 1/1000 ಸೆಕೆಂಡಿಗೆ ಏರಿಸಬೇಕು. ಮದ್ದೂರಿನ ಹತ್ತಿರದ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಅಲ್ಲಿಗೆ ಟ್ರೈಪಾಡಿಗಿಂತ ಒಂದು ಬಟ್ಟೆ ಚೀಲ ಒಳ್ಳೆಯದು. ಹಳೇ ಜೀನ್ಸಿನ ಕಾಲನ್ನು ಕತ್ತರಿಸಿ, ಮುಕ್ಕಾಲು ಭಾಗ ಹುರುಳಿಕಾಳು ತುಂಬಿ ಹೊಲಿಸಿಕೊಳ್ಳಿ. ಕಾರಿನ ಕಿಟಕಿ ಮೇಲೋ ಗೋಡೆ ಮೇಲೋ ಇಟ್ಟು ಲೆನ್ಸನ್ನು ಅದರಲ್ಲಿ ಒತ್ತಿ ಕೂರಿಸಿದರೆ ಅಲ್ಲಾಡುವುದಿಲ್ಲ. ವಿಡಿಯೊಗೂ ಅಷ್ಟೆ. ನಿಂತು ಪಾಠ ಹೇಳುವ, ಅಡುಗೆ ತೋರಿಸುವ ವಿಡಿಯೊಗೆ ಅಗ್ಗದ್ದು ಸಾಕು. ಕ್ಯಾಮೆರಾವನ್ನು ಎಡದಿಂದ ಬಲಕ್ಕೆ ತಿರುಗಿಸುತ್ತಾ ತೆಗೆಯಬೇಕಾದರೆ ಪ್ಲಾಸ್ಟಿಕ್ ಹೆಡ್ ಜಗ್ಗಿ ಜಗ್ಗಿ ತಿರುಗುತ್ತದೆ.

ಸೋಮನಾಥಪುರ, ಶ್ರೀರಂಗಪಟ್ಟಣದ ದರಿಯಾ ದೌಲತ್ ಥರದ ಪುರಾತತ್ವ ಇಲಾಖೆಯ ಜಾಗಗಳಲ್ಲಿ ಟ್ರೈಪಾಡ್ ನಿಲ್ಲಿಸಲು ಮೊದಲೇ ಅನುಮತಿ ಬೇಕು. ಸೋಮನಾಥಪುರದ ಒಳಗಿನ ಮಂದ ಬೆಳಕಿನಲ್ಲಿ ಚಾವಣಿಯ ಕೆತ್ತನೆ ಬೇಕಿದ್ದರೆ ಫೋನನ್ನು ನೆಲದ ಮೇಲೆ ಪರದೆ ಮೇಲೆ ಬರುವ ಹಾಗೆ ಮಲಗಿಸಿ, ಸೆಲ್ಫಿ ಕ್ಯಾಮೆರಾ ಮತ್ತು ಟೈಮರ್ ಇಟ್ಟು ಪಕ್ಕಕ್ಕೆ ಸರಿಯಿರಿ. ಯಾವ ಸ್ಟ್ಯಾಂಡೂ ಬೇಡ.

ಮುಂದೆ ದೊಡ್ಡ ಲೆನ್ಸ್ ತಗೊಳ್ಳುವ ಯೋಚನೆ ಇದ್ದರೆ ಎರಡು ಸಾವಿರ, ಎರಡೂವರೆ ಸಾವಿರದ್ದಕ್ಕೆ ಹೋಗಬೇಡಿ. ಸಾಮಾನ್ಯವಾಗಿ ಎತ್ತರ ಹೆಚ್ಚಾಗಿರುತ್ತದೆ, ಗಟ್ಟಿತನ ಹೆಚ್ಚಾಗಿರುವುದಿಲ್ಲ. ಈಗ ಸಾವಿರದ್ದರಲ್ಲೇ ಸುಧಾರಿಸಿಕೊಂಡು, ಆಮೇಲೆ ಲೋಹದ ಹೆಡ್ ಇರುವ, ಹೆಡ್ ಬಿಚ್ಚಿ ಬದಲಿಸಬಹುದಾದ ಟ್ರೈಪಾಡಿಗೆ ದುಡ್ಡು ಕೂಡಿಸಿ. ಯಾರಾದರೂ ಹಳೇದು ಮಾರುತ್ತಿದ್ದರೆ ಅದೂ ಒಳ್ಳೆಯದೇ, ಟ್ರೈಪಾಡಿಗೆ ಬೇಗ ವಯಸ್ಸಾಗುವುದಿಲ್ಲ. ಹಳೇದಿರಲಿ ಹೊಸದಿರಲಿ, ಕ್ಯಾಮೆರಾ ತಳಕ್ಕೆ ತಿರುಪುವ ಚಿಕ್ಕ ಪ್ಲೇಟ್ ಇದೆಯಾ ಅಂತ ನೋಡಿಕೊಳ್ಳಿ. ಅಗ್ಗದ ಟ್ರೈಪಾಡಿನ ಪ್ಲೇಟ್ ಒಂದೊಂದಕ್ಕೂ ಒಂದೊಂದು ಅಳತೆ. ಅದು ಕಳೆದರೆ ಬೇರೆ ಸಿಗುವುದು ಕಷ್ಟ, ಹಾಗಾಗಿ ಕೆಲಸ ಮುಗಿದ ಕೂಡಲೇ ಕ್ಯಾಮೆರಾದಿಂದ ಬಿಚ್ಚಿ ಟ್ರೈಪಾಡಿಗೇ ಸಿಕ್ಕಿಸಿಡಿ.