ಮೀಟರ್ ಸರಿ ಇತ್ತು, ಪ್ಲೇಟ್ ತಿರುಗಿತ್ತು

ಕಳೆದ ತಿಂಗಳು ಸುರತ್ಕಲ್‌ನಲ್ಲಿ ಒಂದು ಮದುವೆ ಊಟ. ಪಕ್ಕದಲ್ಲಿ ಕೂತಿದ್ದ ಭಾವ ಕೇಳಿದರು: "ಬೆಳಿಗ್ಗೆ ತಂಪಿರುವಾಗ ಪೆಟ್ರೋಲ್ ಹಾಕಿಸಿದರೆ ಜಾಸ್ತಿ ಸಿಗ್ತದಂತೆ, ಹೌದಾ?" ಎಣ್ಣೆ, ಗ್ಯಾಸ್ ಅಳೆಯುವ ಕೆಲಸದವನಿಗೆ ಈ ಪ್ರಶ್ನೆ ತಪ್ಪಿದ್ದಲ್ಲ.

ಅರ್ಧ ನಿಜ. ಪೆಟ್ರೋಲ್ ಒಂದು ಡಿಗ್ರಿ ಬಿಸಿಯಾದರೆ ಸಾವಿರ ಲೀಟರಿಗೆ ಸುಮಾರು 1.2 ಲೀಟರ್ ಹಿಗ್ಗುತ್ತದೆ. ಆದರೆ ಬಂಕಿನ ಟ್ಯಾಂಕ್ ಇರುವುದು ನೆಲದಡಿಯಲ್ಲಿ. ಹಗಲು ರಾತ್ರಿಯ ವ್ಯತ್ಯಾಸ ಅಲ್ಲಿಗೆ ಅಷ್ಟಾಗಿ ಇಳಿಯುವುದಿಲ್ಲ. ಒಂದು ಡಿಗ್ರಿ ಅಂತಲೇ ಇಟ್ಟುಕೊಳ್ಳಿ, ಹತ್ತು ಲೀಟರಿಗೆ 12 ಮಿಲಿ. ಅದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ.

ದೊಡ್ಡ ಲೆಕ್ಕದಲ್ಲಿ ಮಾತ್ರ ಕಥೆ ಬೇರೆ. 24,000 ಲೀಟರ್ ಡೀಸೆಲ್ 30 ಡಿಗ್ರಿಯಿಂದ 15ಕ್ಕೆ ಇಳಿದರೆ ಸುಮಾರು 300 ಲೀಟರ್ 'ಮಾಯ'. ಯಾರೂ ಕದ್ದಿಲ್ಲ, ಸುಮ್ನೆ ಕುಗ್ಗಿದೆ. ಅದಕ್ಕೇ ನಮ್ಮಲ್ಲಿ ಲೆಕ್ಕವನ್ನು 15 ಡಿಗ್ರಿಗೆ ತಂದು ನೋಡುತ್ತಾರೆ. ಉಡುಪಿ ಜಿಲ್ಲೆಯ ಪಾದೂರಿನ ನೆಲದಡಿಯ ಗುಹೆಗಳಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ಹಿಡಿಯುತ್ತದೆ. ಅದನ್ನು ತುಂಬುವಾಗ ಅಳತೆ ಸಾವಿರಕ್ಕೆ ಒಂದರಷ್ಟು ತಪ್ಪಿದರೂ 2,500 ಟನ್. ನೂರಕ್ಕೂ ಹೆಚ್ಚು ಟ್ಯಾಂಕರ್ ಲಾರಿ!

ಇಷ್ಟಾದರೂ ನಾನು ಕಂಡ ತಪ್ಪುಗಳಲ್ಲಿ ಮೀಟರಿನದ್ದು ಕಡಿಮೆ. ಅದನ್ನು ಕೂರಿಸಿದ ರೀತಿಯದ್ದೇ ಜಾಸ್ತಿ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಒಂದು ಘಟಕದಲ್ಲಿ ಶಟ್‌ಡೌನ್ ಮುಗಿದು ಫರ್ನೇಸ್ ಶುರುವಾಗಿತ್ತು. ಉರಿಯುವ ಗ್ಯಾಸಿನ ಲೆಕ್ಕ ಸುಮಾರು 15 ಶೇಕಡಾ ಕಡಿಮೆ ತೋರಿಸುತ್ತಿತ್ತು. ಬಿಸಿ ಅಷ್ಟೇ ಇದೆ, ಗ್ಯಾಸ್ ಮಾತ್ರ ಕಡಿಮೆ! ಹಾಗೆ ಆಗುವುದುಂಟಾ? ಎಲ್ಲರ ಬೆರಳೂ ಒತ್ತಡ ಅಳೆದು ಕಳಿಸುವ ಟ್ರಾನ್ಸ್‌ಮಿಟರ್ ಕಡೆಗೆ. ಎರಡು ಸಲ ಕ್ಯಾಲಿಬ್ರೇಶನ್ ಮಾಡಿದೆ, ಅಂದರೆ ಗೊತ್ತಿರುವ ಒತ್ತಡ ಕೊಟ್ಟು ತಾಳೆ ನೋಡಿದೆ, ಸರಿ ಇತ್ತು. ಮಳೆಗಾಲ ಬೇರೆ, ಪೈಪಿನ ಒತ್ತಡವನ್ನು ಅದಕ್ಕೆ ಮುಟ್ಟಿಸುವ ಸಣ್ಣ ನಳಿಗೆಯಲ್ಲಿ (ಇಂಪಲ್ಸ್ ಲೈನ್) ನೀರು ನಿಂತಿರಬಹುದು ಅಂತ ಡ್ರೇನ್ ಮಾಡಿದೆವು. ಹನಿ ಇಲ್ಲ. ಮೂರನೇ ದಿನ ಒಬ್ಬ ಹಳೇ ಟೆಕ್ನಿಶಿಯನ್ ಸ್ಕಫೋಲ್ಡಿಂಗ್ ಹತ್ತಿದರು. ಹರಿವು ಅಳೆಯಲು ಪೈಪಿನ ಜೋಡಣೆಯಲ್ಲಿ (ಫ್ಲ್ಯಾಂಜ್) ಕೂರಿಸುವ ಓರಿಫೈಸ್ ಪ್ಲೇಟಿನ, ಹೊರಗೆ ಚಾಚಿದ ಹಿಡಿಯನ್ನು ಬಟ್ಟೆಯಿಂದ ಉಜ್ಜಿದರು. ಉಪ್ಪುಗಾಳಿಗೆ ತುಕ್ಕು, ಅದರ ಮೇಲೆ ಪೇಂಟ್. "ಅಕ್ಷರ ಆಚೆ ಬದಿಯಲ್ಲುಂಟು ಮಾರಾಯ್ರೆ" ಅಂದರು.

ಆ ಅಕ್ಷರ ಗ್ಯಾಸ್ ಬರುವ ದಿಕ್ಕಿಗೆ ಮುಖ ಮಾಡಿರಬೇಕು. ಪ್ಲೇಟ್ ತಿರುಗಿ ಕೂತಿತ್ತು. ಕೂರಿಸುವಾಗ ಸಹಿ ಹಾಕಿದ್ದು ನಾನೇ.

ಓರಿಫೈಸ್ ಪ್ಲೇಟ್ ಅಂದರೆ ನಡುವೆ ತೂತಿರುವ ಉಕ್ಕಿನ ಬಿಲ್ಲೆ, ಅಷ್ಟೇ. ಬರುವ ಬದಿಯಲ್ಲಿ ತೂತಿನ ಅಂಚು ಚೂಪು, ಹೋಗುವ ಬದಿಯಲ್ಲಿ ಇಳಿಜಾರು. ಸಿಟಿ ಬಸ್ಸಿನ ಬಾಗಿಲು ನೆನಪಿಸಿಕೊಳ್ಳಿ. ಚೌಕಟ್ಟು ನೇರವಿದ್ದರೆ ಜನ ಹತ್ತುವಾಗ ಒತ್ತಡ ಜಾಸ್ತಿ. ಬಾಗಿಲು ಆಲಿಕೆಯ ಹಾಗಿದ್ದರೆ ಜಾರಿಕೊಂಡು ಹೋಗುತ್ತಾರೆ. ಪ್ಲೇಟ್ ತಿರುಗಿದರೆ ಗ್ಯಾಸೂ ಹೀಗೇ ಜಾರುತ್ತದೆ. ಪ್ಲೇಟಿನ ಎರಡು ಬದಿಯ ಒತ್ತಡದ ವ್ಯತ್ಯಾಸ ಇಳಿಯುತ್ತದೆ. ಹರಿವನ್ನು ಲೆಕ್ಕ ಹಾಕುವುದು ಆ ವ್ಯತ್ಯಾಸದ ವರ್ಗಮೂಲದಿಂದ. ಟ್ರಾನ್ಸ್‌ಮಿಟರ್ ಪಾಪ, ತಾನು ಕಂಡದ್ದನ್ನೇ ಹೇಳುತ್ತಿತ್ತು.

ಅಂಚು ಸವೆದರೂ ಇದೇ ಗತಿ, ನಿಧಾನವಾಗಿ. ಮೀಟರಿಗೆ ಸ್ವಲ್ಪ ಮೊದಲೇ ಪೈಪಿನಲ್ಲಿ ಬೆಂಡ್ ಇದ್ದರೆ ಹರಿವು ತಿರುಚಿಕೊಂಡು ಬರುತ್ತದೆ. ಪೈಪಿನ ವ್ಯಾಸದ 20 ಪಟ್ಟು ನೇರ ಜಾಗ ಬೇಕು ಅಂದುಕೊಳ್ಳಿ. 10 ಇಂಚಿನ ಪೈಪಿಗೆ ಅದು ಐದು ಮೀಟರ್. ಡ್ರಾಯಿಂಗಿನಲ್ಲಿ ಸಿಗುತ್ತದೆ, ಸೈಟಿನಲ್ಲಿ ಸಿಗುವುದಿಲ್ಲ.

ಟರ್ಬೈನ್ ಮೀಟರ್ ಇನ್ನೊಂದು ಥರ. ಒಳಗಿನ ಚಕ್ರ ತಿರುಗಿದ್ದನ್ನು ಎಣಿಸುತ್ತದೆ, ತಿರುಗಿಸಿದ್ದು ಎಣ್ಣೆಯೋ ಗಾಳಿಯೋ ಅಂತ ಕೇಳುವುದಿಲ್ಲ. ಹಡಗಿನ ಟ್ಯಾಂಕ್ ಖಾಲಿಯಾಗುತ್ತಾ ಬಂದಾಗ ಗಾಳಿ ಸೇರಿದರೆ ಅದಕ್ಕೂ ಬಿಲ್ಲು! ಅದಕ್ಕೇ ಮೀಟರಿಗೂ ಮೊದಲು ಗಾಳಿ ತೆಗೆಯುವ ಪಾತ್ರೆ ಇಡುತ್ತಾರೆ.

ಇಂಥ ಮೀಟರನ್ನು ಪರೀಕ್ಷಿಸುವುದು ಪ್ರೂವರ್. ಉದ್ದದ ಪೈಪಿನೊಳಗೆ ಒಂದು ಚೆಂಡು, ಎರಡು ಸ್ವಿಚ್. ಅವುಗಳ ನಡುವೆ ಎಷ್ಟು ಲೀಟರ್ ಹಿಡಿಯುತ್ತದೆ ಅಂತ ಮೊದಲೇ ಗೊತ್ತು. ಎಣ್ಣೆ ಚೆಂಡನ್ನು ತಳ್ಳಿಕೊಂಡು ಹೋಗುತ್ತದೆ, ಆಗ ಮೀಟರ್ ಎಷ್ಟು ಎಣಿಸಿತು ಅಂತ ನೋಡುತ್ತಾರೆ. ಸಾಮಾನ್ಯವಾಗಿ ಸತತ ಐದು ಸಲದ ಎಣಿಕೆ 0.05 ಶೇಕಡಾದೊಳಗೆ ಬರಬೇಕು. ಸಾವಿರ ಲೀಟರಿಗೆ ಅರ್ಧ ಲೀಟರ್.

ಭಾವನಿಗೆ ಇಷ್ಟೆಲ್ಲ ಹೇಳುವಷ್ಟರಲ್ಲಿ ಪಾಯಸ ಬಂದಿತ್ತು. ಅನುಮಾನ ಇದ್ದರೆ ಬಂಕಿನಲ್ಲಿ ಐದು ಲೀಟರಿನ ಮುದ್ರೆ ಹಾಕಿದ ಅಳತೆ ಪಾತ್ರೆ ಕೇಳಿ, 25 ಮಿಲಿ ತನಕ ಆಚೀಚೆ ಆದರೆ ತಪ್ಪಲ್ಲ ಅಂದೆ. ಒಂದು ಮಾತು ಸೇರಿಸಿದೆ: ಪಾತ್ರೆಯನ್ನು ಒಮ್ಮೆ ಪೆಟ್ರೋಲಿನಲ್ಲಿ ಒದ್ದೆ ಮಾಡಿ, ಸುರಿದು, ಆಮೇಲೆ ಅಳೆಯಿರಿ. ಒಣ ಪಾತ್ರೆಯಲ್ಲಿ ಅಳೆದರೆ ಪಂಪು ಸರಿ ಇದ್ದರೂ ಕಡಿಮೆ ಕೊಟ್ಟ ಹಾಗೆ ಕಾಣುತ್ತದೆ.